‘ಬರ್ಗ್’ ಹೆಸರುಗಳನ್ನು ಓದುವುದು ಹೇಗೆ? ಬೆಟ್ಟವೋ ಕೋಟೆಯೋ ಕಂಡುಹಿಡಿಯುವ ದಾರಿ

ಹ್ಯಾಂಬರ್ಗ್, ಹೈಡೆಲ್‌ಬರ್ಗ್, ನ್ಯೂರೆಂಬರ್ಗ್, ಜೋಹಾನ್ಸ್‌ಬರ್ಗ್, ಪಿಟ್ಸ್‌ಬರ್ಗ್. ಇವು ಊರುಗಳು. ಗುಟೆನ್‌ಬರ್ಗ್, ಹೈಸೆನ್‌ಬರ್ಗ್, ರೋಸಾ ಲಕ್ಸೆಂಬರ್ಗ್, ಜುಕರ್‌ಬರ್ಗ್. ಇವರು ಮನುಷ್ಯರು. ಕನ್ನಡ ಪತ್ರಿಕೆಗಳಲ್ಲಿ ಎಲ್ಲರಿಗೂ ಎಲ್ಲದಕ್ಕೂ ಒಂದೇ ಬಾಲ. ಓದುವವರಿಗೆ ಇವೆಲ್ಲ ಒಂದೇ ಮಾತಿನಿಂದ ಹುಟ್ಟಿದವು ಅನ್ನಿಸಿದರೆ ತಪ್ಪೇನೂ ಇಲ್ಲ.

ಆದರೆ ಆ ‘ಬರ್ಗ್’ ಹಿಂದೆ ಎರಡು ಬೇರೆ ಬೇರೆ ಪದಗಳಿವೆ. ಒಂದು ಬೆರ್ಗ್, ಅಂದರೆ ಬೆಟ್ಟ. ಇನ್ನೊಂದು ಬುರ್ಗ್, ಅಂದರೆ ಕೋಟೆ. ಇಂಗ್ಲಿಷಿನವರ ಬಾಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ನಾವು ಆ ಉಚ್ಚಾರಣೆಯನ್ನೇ ಕನ್ನಡಕ್ಕೆ ಇಳಿಸಿಕೊಂಡೆವು. ಹಾಗಾಗಿ ಬೆಟ್ಟ ಕೋಟೆ ಎರಡೂ ಕಲಸಿಹೋದವು.

ಇದು ಬರೀ ಭಾಷೆಯ ಕುತೂಹಲದ ವಿಷಯವಾಗಿದ್ದರೆ ಬಿಡಬಹುದಿತ್ತು. ಜರ್ಮನಿಗೆ ಓದಲು ಹೋಗುವ ಹುಡುಗರು, ಬೆಂಗಳೂರಿನಿಂದ ಕೆಲಸದ ಮೇಲೆ ಹೋಗುವವರು, ವಿದೇಶಿ ಸುದ್ದಿಯನ್ನು ಕನ್ನಡಕ್ಕೆ ತರುವವರು, ಇತಿಹಾಸ ಓದುವವರು, ಇವರಿಗೆಲ್ಲ ಇದು ದಿನದ ಕೆಲಸಕ್ಕೆ ಬೇಕಾದ ತಿಳಿವಳಿಕೆ. ಒಂದಕ್ಷರ ತಪ್ಪಿದರೆ ರೈಲು ಬೇರೆ ಊರಿಗೆ ಹೋಗುತ್ತದೆ. ಹಾಗಾಗಿ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ಮೂಲ ಕಾಗುಣಿತ ನೋಡಿ

ಕನ್ನಡದ ‘ಬರ್ಗ್’ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ರೋಮನ್ ಲಿಪಿಯಲ್ಲಿ ಆ ಹೆಸರನ್ನು ಹೇಗೆ ಬರೆಯುತ್ತಾರೆ ಎಂದು ನೋಡಿ. ಬಿ ಆದಮೇಲೆ ಇ ಇದೆಯೋ, ಯು ಇದೆಯೋ? ಅಷ್ಟೇ ನೋಡಬೇಕಾದ್ದು. ಇ ಇದ್ದರೆ ಬೆಟ್ಟ. ಯು ಇದ್ದರೆ ಕೋಟೆ.

ಹೈಡೆಲ್‌ಬರ್ಗ್, ನ್ಯೂರೆಂಬರ್ಗ್, ವಿಟೆನ್‌ಬರ್ಗ್, ಬಾಂಬರ್ಗ್ ಇವು ಬೆಟ್ಟದ ಕಡೆ. ಹ್ಯಾಂಬರ್ಗ್, ಆಗ್ಸ್‌ಬರ್ಗ್, ವೂರ್ಟ್ಸ್‌ಬರ್ಗ್, ಸಾಲ್ಸ್‌ಬರ್ಗ್, ಮಾಗ್ಡೆಬರ್ಗ್, ಜೋಹಾನ್ಸ್‌ಬರ್ಗ್, ಸೇಂಟ್ ಪೀಟರ್ಸ್‌ಬರ್ಗ್ ಇವು ಕೋಟೆಯ ಕಡೆ. ವಿಜ್ಞಾನಿ ವೆರ್ನರ್ ಹೈಸೆನ್‌ಬರ್ಗ್ ಹೆಸರಲ್ಲಿ ಬೆಟ್ಟ ಇದೆ. ಅವರು 1901ರಲ್ಲಿ ಹುಟ್ಟಿದ ಊರು ವೂರ್ಟ್ಸ್‌ಬರ್ಗ್, ಅದರಲ್ಲಿ ಕೋಟೆ ಇದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ.

ಬುರ್ಗ್‌ಗೆ ಬೇರೆ ಬೇರೆ ವೇಷಗಳೂ ಇವೆ. ಫ್ರೆಂಚರು ಅದಕ್ಕೆ ಒಂದು ಓ ಸೇರಿಸುತ್ತಾರೆ. ಸ್ಟ್ರಾಸ್‌ಬರ್ಗ್, ಲಕ್ಸೆಂಬರ್ಗ್ ಹೆಸರುಗಳ ಫ್ರೆಂಚ್ ಕಾಗುಣಿತ ಹಾಗೆ. ಸ್ಕಾಟ್ಲೆಂಡಿನವರು ಕೊನೆಗೆ ಎಚ್ ಸೇರಿಸುತ್ತಾರೆ. ಸ್ವೀಡನ್ನಿನಲ್ಲಿ ಅದು ಬೋರ್ಗ್ ಆಗುತ್ತದೆ. ಇಂಗ್ಲೆಂಡಿನಲ್ಲಿ ಬರೋ ಆಗಿ, ಬರಿ ಆಗಿ ಊರುಗಳ ಕೊನೆಯಲ್ಲಿ ಕೂತಿದೆ. ಪೀಟರ್‌ಬರೋ, ಕ್ಯಾಂಟರ್‌ಬರಿ ನೋಡಿ. ಕ್ಯಾಂಟರ್‌ಬರಿ ಅಂದರೆ ಕೆಂಟ್ ಸೀಮೆಯ ಜನರ ಕೋಟೆ.

ಅಮೆರಿಕದ ಪಿಟ್ಸ್‌ಬರ್ಗ್ ಕೊನೆಯ ಎಚ್ ಅಕ್ಷರಕ್ಕೆ ಒಂದು ಕಥೆಯೇ ಇದೆ. 1758ರಲ್ಲಿ ಆ ಊರಿಗೆ ಹೆಸರಿಟ್ಟ ಜನರಲ್ ಜಾನ್ ಫೋರ್ಬ್ಸ್ ಸ್ಕಾಟ್ಲೆಂಡಿನವರು. ಬ್ರಿಟನ್ನಿನ ವಿಲಿಯಂ ಪಿಟ್ ಹೆಸರು ಮುಂದಿಟ್ಟು, ತಮ್ಮ ಎಡಿನ್‌ಬರೋ ಥರ ಬಾಲ ಹಚ್ಚಿದರು. 1891ರಲ್ಲಿ ಅಮೆರಿಕದ ಸ್ಥಳನಾಮ ಮಂಡಳಿ ಎಲ್ಲ ಕಡೆ ಒಂದೇ ಥರ ಇರಲಿ ಎಂದು ಎಚ್ ತೆಗೆಯಿತು. ಊರಿನವರು ಒಪ್ಪಲಿಲ್ಲ. 1911ರಲ್ಲಿ ಎಚ್ ವಾಪಸ್ ಬಂತು. ಒಂದಕ್ಷರಕ್ಕಾಗಿ ಒಂದು ಊರು ಇಷ್ಟು ಹಟ ಹಿಡಿದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಹೆಸರು ಅಂದರೆ ಊರಿನವರ ಸ್ವಂತದ್ದು ಅಲ್ವಾ?

ಹೆಜ್ಜೆ 2: ನೆನಪಿಗೆ ಎರಡು ಪದ ಇಟ್ಟುಕೊಳ್ಳಿ

ಯಾವುದು ಬೆಟ್ಟ, ಯಾವುದು ಕೋಟೆ ಎಂದು ಮರೆತುಹೋಗುವುದು ಸಹಜ. ನಮಗೆ ಈಗಾಗಲೇ ಗೊತ್ತಿರುವ ಎರಡು ಪದ ಸಾಕು: ಐಸ್‌ಬರ್ಗ್ ಮತ್ತು ಬರ್ಗರ್.

ಐಸ್‌ಬರ್ಗ್ ಅಂದರೆ ಹಿಮದ ಬೆಟ್ಟ. ಡಚ್ ಕಡೆಯಿಂದ ಇಂಗ್ಲಿಷಿಗೆ ಬಂದ ಪದ. ಅದರಲ್ಲಿರುವುದು ಇ ಅಕ್ಷರದ ಬೆರ್ಗ್.

ಬರ್ಗರ್ ಬಂದದ್ದು ಹ್ಯಾಂಬರ್ಗರ್‌ನಿಂದ. ಹ್ಯಾಂಬರ್ಗರ್ ಅಂದರೆ ಹ್ಯಾಂಬರ್ಗ್ ಊರಿನದು. ಅದರಲ್ಲಿರುವುದು ಯು ಅಕ್ಷರದ ಬುರ್ಗ್. ಹ್ಯಾಮ್ ಅಂದರೆ ಹಂದಿಮಾಂಸ, ಅದಕ್ಕೇ ಆ ಹೆಸರು ಎಂದು ಎಷ್ಟೋ ಜನ ತಿಳಿದಿರುತ್ತಾರೆ. ಆ ತಿಂಡಿಯ ಹೆಸರಿಗೂ ಹಂದಿಮಾಂಸಕ್ಕೂ ಸಂಬಂಧವಿಲ್ಲ.

ಎಡಪಂಥದ ಬರಹಗಳನ್ನು ಓದಿದವರಿಗೆ ಇನ್ನೊಂದು ಪದ ಗೊತ್ತಿರುತ್ತದೆ: ಬೂರ್ಜ್ವಾ. ಅದೂ ಇದೇ ಕೋಟೆಯ ಮನೆತನದ್ದು. ಕೋಟೆಯ ಸುತ್ತ ಪೇಟೆ ಬೆಳೆಯಿತು. ಪೇಟೆಯಲ್ಲಿ ವ್ಯಾಪಾರಿಗಳು, ಕಸುಬಿನವರು ನೆಲೆನಿಂತರು. ಫ್ರಾನ್ಸಿನಲ್ಲಿ ಆ ಪೇಟೆಯವರಿಗೆ ಬಂದ ಹೆಸರು ಬೂರ್ಜ್ವಾ. ಕೋಟೆ ಎಂಬ ಅರ್ಥ ನಿಧಾನಕ್ಕೆ ಪಟ್ಟಣ ಎಂಬ ಅರ್ಥಕ್ಕೆ ಜಾರಿದ್ದು ಹೀಗೆ. ಮುಂದೆ ಹೊಸ ಊರು ಕಟ್ಟಿದವರು ಅಲ್ಲಿ ಕೋಟೆ ಇರಲಿ ಇಲ್ಲದಿರಲಿ, ಬುರ್ಗ್ ಎಂದೇ ಹೆಸರಿಟ್ಟರು. 1886ರಲ್ಲಿ ಚಿನ್ನ ಸಿಕ್ಕಿದ್ದರಿಂದ ಎದ್ದ ಜೋಹಾನ್ಸ್‌ಬರ್ಗ್‌ ಅಂಥ ಒಂದು ಪಟ್ಟಣ.

ಹೆಜ್ಜೆ 3: ಬಾಲ ಬಿಡಿಸಿ, ಮುಂದಿನ ತುಂಡು ನೋಡಿ

ಜರ್ಮನ್ ಜೋಡುಪದಗಳಲ್ಲಿ ಮುಖ್ಯ ಮಾತು ಕೊನೆಗೆ ಬರುತ್ತದೆ. ಮುಂದಿನದು ‘ಎಂಥ’ ಎಂದು ಹೇಳುತ್ತದೆ. ಬಾಲ ಬೇರ್ಪಡಿಸಿದ ಮೇಲೆ ಉಳಿದದ್ದು ಸಾಮಾನ್ಯವಾಗಿ ಒಂದು ಹೊಳೆ, ಒಬ್ಬ ರಾಜ, ಒಬ್ಬ ಸಂತ, ಒಂದು ಸರಕು ಅಥವಾ ಹಳೆಯದು ಹೊಸದು ಎಂಬ ಮಾತು.

ಸಾಲ್ಸ್‌ಬರ್ಗ್ ಉಪ್ಪಿನ ಕೋಟೆ, ಉಪ್ಪಿನ ವ್ಯಾಪಾರದಿಂದ ಸಿರಿವಂತವಾದ ಊರು. ರೇಗೆನ್ಸ್‌ಬರ್ಗ್ ರೇಗೆನ್ ಹೊಳೆಯ ಕೋಟೆ, ಆ ಹೊಳೆ ಡಾನ್ಯೂಬ್ ಸೇರುವ ಜಾಗ. ಆಗ್ಸ್‌ಬರ್ಗ್‌ನಲ್ಲಿ ರೋಮನ್ ಚಕ್ರವರ್ತಿ ಅಗಸ್ಟಸ್ ಇದ್ದಾನೆ. ಸ್ಟ್ರಾಸ್‌ಬರ್ಗ್ ಹೆದ್ದಾರಿಯ ಕೋಟೆ. ಲಕ್ಸೆಂಬರ್ಗ್ ಅಂದರೆ ಚಿಕ್ಕ ಕೋಟೆ. 963ರಲ್ಲಿ ಕೌಂಟ್ ಸೀಗ್‌ಫ್ರೀಡ್ ತೆಗೆದುಕೊಂಡ ಒಂದು ಸಣ್ಣ ಕೋಟೆಯಿಂದ ಆ ದೇಶದ ಹೆಸರು ಶುರುವಾಗುತ್ತದೆ. ಓಲ್ಡೆನ್‌ಬರ್ಗ್ ಹಳೇ ಕೋಟೆ. ನೌಂಬರ್ಗ್ ಹೊಸ ಕೋಟೆ, ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆ ಇದ್ದ ಹಾಗೆಯೇ.

ಗಾಂಧೀಜಿಯನ್ನು 1893ರಲ್ಲಿ ರೈಲಿನಿಂದ ಕೆಳಗಿಳಿಸಿದ ಸ್ಟೇಷನ್ ಪೀಟರ್‌ಮಾರಿಟ್ಸ್‌ಬರ್ಗ್. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆ ಉದ್ದದ ಹೆಸರನ್ನು ಬಿಡಿಸಿದರೆ ಮುಂದೆ ಸಿಗುವುದು ಬೋಯರ್ (ದಕ್ಷಿಣ ಆಫ್ರಿಕಾದಲ್ಲಿ ನೆಲೆನಿಂತ ಡಚ್ ಮೂಲದವರು) ನಾಯಕರ ಹೆಸರು, ಕೊನೆಗೆ ಡಚ್ ಮಾತಿನ ಕೋಟೆ. ಆ ಊರನ್ನು ಕಟ್ಟಿದವರು ಯಾರು ಎನ್ನುವುದು ಹೆಸರಿನಲ್ಲೇ ಇದೆ.

ಇಲ್ಲಿ ಒಂದು ಎಚ್ಚರಿಕೆ. ಬೆಟ್ಟದ ಹೆಸರಿದೆ ಎಂದು ಹೋದಲ್ಲಿ ಕೋಟೆ ಕಾಣಬಹುದು. ನ್ಯೂರೆಂಬರ್ಗ್ ಊರಿನ ನೆತ್ತಿಯ ಮೇಲೆ ದೊಡ್ಡ ಕೋಟೆ ಇದೆ. ಆದರೂ ಹೆಸರಲ್ಲಿರುವುದು ಆ ಕೋಟೆ ಕೂತಿರುವ ಕಲ್ಲುಗುಡ್ಡ. ಹಾಗೆಯೇ ಬೆರ್ಗ್ ಪದಕ್ಕೆ ಗಣಿಯ ನಂಟೂ ಇದೆ. ಜರ್ಮನಿಯಲ್ಲಿ ಗಣಿ ಕೆಲಸಕ್ಕೆ ಬೆರ್ಗ್‌ಬೌ ಎನ್ನುತ್ತಾರೆ. ಸ್ಯಾಕ್ಸನಿ ಸೀಮೆಯ ಫ್ರೈಬೆರ್ಗ್, ಅನ್ನಾಬೆರ್ಗ್, ಶ್ನೇಬೆರ್ಗ್ ಇವೆಲ್ಲ ಬೆಳ್ಳಿ ಅಗೆದು ಬೆಳೆದ ಊರುಗಳು.

ಹೆಜ್ಜೆ 4: ಇದೇ ಹೆಸರಿನ ಇನ್ನೊಂದು ಊರು ಇದೆಯೇ ಎಂದು ನೋಡಿ

ಟಿಕೆಟ್ ಮಾಡುವವರು, ಕಾಲೇಜಿಗೆ ಅರ್ಜಿ ಹಾಕುವವರು ಈ ಭಾಗವನ್ನು ಬಿಡಬೇಡಿ. ಜಾಸ್ತಿ ಗೊಂದಲ ಆಗುವುದು ಇಲ್ಲೇ.

ಫ್ರೈಬೆರ್ಗ್ ಮತ್ತು ಫ್ರೈಬುರ್ಗ್ ತೆಗೆದುಕೊಳ್ಳಿ. ಎರಡೂ ಜರ್ಮನಿಯಲ್ಲಿವೆ. ಎರಡರಲ್ಲೂ ಹೆಸರಾಂತ ವಿಶ್ವವಿದ್ಯಾಲಯಗಳಿವೆ. ಕನ್ನಡದಲ್ಲಿ ಎರಡನ್ನೂ ‘ಫ್ರೈಬರ್ಗ್’ ಎಂದೇ ಬರೆಯುತ್ತಾರೆ.

ಇ ಅಕ್ಷರದ ಫ್ರೈಬೆರ್ಗ್ ಇರುವುದು ಪೂರ್ವದ ಸ್ಯಾಕ್ಸನಿಯಲ್ಲಿ, ಡ್ರೆಸ್ಡೆನ್ ಹತ್ತಿರ. ಅಲ್ಲಿನ ಗಣಿ ಅಕಾಡೆಮಿ ಶುರುವಾದದ್ದು 1765ರಲ್ಲಿ. ಇಂಡಿಯಂ ಮತ್ತು ಜರ್ಮೇನಿಯಂ ಎಂಬ ಎರಡು ಮೂಲಧಾತುಗಳು ಪತ್ತೆಯಾದದ್ದು ಈ ಊರಿನಲ್ಲಿ, 1863ರಲ್ಲಿ ಒಂದು, 1886ರಲ್ಲಿ ಇನ್ನೊಂದು. ಇಂಡಿಯಂ ಹೆಸರು ಬಂದದ್ದು ಅದರ ಬೆಳಕಿನಲ್ಲಿ ಕಂಡ ನೀಲಿಗೆರೆಯಿಂದ. ಆ ನೀಲಿಗೆ ಇಂಡಿಗೊ ಎನ್ನುತ್ತಾರೆ, ಇಂಡಿಗೊ ಪದದೊಳಗೆ ಇಂಡಿಯಾ ಇದೆ.

ಯು ಅಕ್ಷರದ ಫ್ರೈಬುರ್ಗ್ ಇರುವುದು ದೇಶದ ನೈರುತ್ಯ ಮೂಲೆಯಲ್ಲಿ, ಬ್ಲ್ಯಾಕ್ ಫಾರೆಸ್ಟ್ ಕಾಡಿನ ಅಂಚಿನಲ್ಲಿ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಎರಡೂ ಹತ್ತಿರ. ಅಲ್ಲಿನ ವಿಶ್ವವಿದ್ಯಾಲಯ 1457ರದ್ದು. ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆ, ರೈಲಿನಲ್ಲಿ ಹೋಗಿ ಸರಿಮಾಡಿಕೊಳ್ಳುತ್ತೇನೆ ಅಂದರೆ ಒಂದು ಇಡೀ ದಿನ ಹೋಗುತ್ತದೆ.

ಇದು ಸಾಲದು ಎಂಬಂತೆ ಸ್ಟುಟ್‌ಗಾರ್ಟ್ ಹತ್ತಿರ ನೆಕರ್ ಹೊಳೆಯ ದಂಡೆಯಲ್ಲಿ ಇನ್ನೊಂದು ಫ್ರೈಬೆರ್ಗ್ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ಫ್ರೈಬುರ್ಗ್ ಇದೆ, ಫ್ರೆಂಚಿನಲ್ಲಿ ಅದು ಫ್ರಿಬೂರ್.

ಹಾಗಾದರೆ ಏನು ಮಾಡಬೇಕು? ಊರಿನ ಹೆಸರಿನ ಜೊತೆ ಬರುವ ಬಾಲವನ್ನು ಓದಿ. ಜರ್ಮನ್ ರೈಲ್ವೆಯ ಆ್ಯಪಿನಲ್ಲಿ ಊರಿನ ಪಕ್ಕ ಕಂಸದಲ್ಲಿ ಸೀಮೆಯ ಅಥವಾ ಹೊಳೆಯ ಹೆಸರು ಇರುತ್ತದೆ. ಸ್ಯಾಕ್ಸನಿ ಎಂಬುದರ ಚುಟುಕು ಇದ್ದರೆ ಗಣಿಯ ಊರು. ಬ್ರೈಸ್‌ಗೌ ಎಂದಿದ್ದರೆ ಕಾಡಿನಂಚಿನ ಊರು. ನೆಕರ್ ಎಂದಿದ್ದರೆ ಸ್ಟುಟ್‌ಗಾರ್ಟ್ ಪಕ್ಕದ್ದು. ಆಮೇಲೆ ಪಿನ್‌ಕೋಡ್ ನೋಡಿ. ಅಲ್ಲಿ ಐದಂಕಿಯ ಪಿನ್‌ಕೋಡ್. ಗಣಿಯ ಫ್ರೈಬೆರ್ಗ್ 09599. ಬ್ರೈಸ್‌ಗೌ ಫ್ರೈಬುರ್ಗ್ 79ರಿಂದ ಶುರು. ಅಡ್ಮಿಷನ್ ಪತ್ರದಲ್ಲಿರುವ ಪಿನ್‌ಕೋಡನ್ನು ಟಿಕೆಟ್ ಮಾಡುವ ಮುಂಚೆ ಒಮ್ಮೆ ತಾಳೆ ನೋಡಿ. ಮನೆ ಬಾಡಿಗೆಗೆ ಮುಂಗಡ ಕಳಿಸುವ ಮುಂಚೆಯೂ ನೋಡಿ. ಎರಡು ನಿಮಿಷದ ಕೆಲಸ.

ಇಂಥ ಜೋಡಿಗಳು ಇನ್ನೂ ಇವೆ. ಮಾರ್ಟಿನ್ ಲೂಥರ್ 1517ರಲ್ಲಿ ಚರ್ಚಿನ ವಿರುದ್ಧ ತಕರಾರು ಎತ್ತಿದ ಊರು ವಿಟೆನ್‌ಬರ್ಗ್. ಬರ್ಲಿನ್‌ನಿಂದ ಹ್ಯಾಂಬರ್ಗ್ ದಾರಿಯಲ್ಲಿ ಸಿಗುವ ಊರು ವಿಟೆನ್‌ಬೆರ್ಗೆ. ಕೊನೆಗೊಂದು ಇ ಜಾಸ್ತಿ, ಅಷ್ಟೇ. ಲೂಥರ್ ಊರಿನ ಸ್ಟೇಷನ್ ಹೆಸರಿನ ಮುಂದೆ ‘ಲೂಥರ್‌ಸ್ಟಾಟ್’ ಎಂದು ಇರುತ್ತದೆ. ಅದು ಇಲ್ಲದಿದ್ದರೆ ಇಳಿಯಬೇಡಿ. ಹಾಂಬುರ್ಗ್ ಬೇರೆ, ಹೋಂಬುರ್ಗ್ ಬೇರೆ. ಹೋಂಬುರ್ಗ್‌ಗಳಲ್ಲೂ ಫ್ರಾಂಕ್‌ಫರ್ಟ್ ಹತ್ತಿರದ್ದು ಒಂದು, ಸಾರ್ ಸೀಮೆಯದ್ದು ಇನ್ನೊಂದು.

ಆ್ಯಪಿನಲ್ಲಿ ಹುಡುಕುವಾಗ ಇನ್ನೊಂದು ಕಿವಿಮಾತು. ನ್ಯೂರೆಂಬರ್ಗ್ ಎಂಬುದು ಇಂಗ್ಲಿಷ್ ಹೆಸರು. ಬೋರ್ಡಿನ ಮೇಲೆ ಇರುವುದು ನ್ಯುರ್ನ್‌ಬೆರ್ಗ್. ಅದರ ಯು ಮೇಲೆ ಎರಡು ಚುಕ್ಕಿ ಇರುತ್ತವೆ. ನಿಮ್ಮ ಫೋನಿನಲ್ಲಿ ಚುಕ್ಕಿ ಹಾಕಲು ಬರದಿದ್ದರೆ ಯು ಆದಮೇಲೆ ಒಂದು ಇ ಒತ್ತಿ. ಜರ್ಮನ್ನರೇ ಒಪ್ಪಿಕೊಂಡ ಕ್ರಮ ಅದು.

ಹೆಜ್ಜೆ 5: ಮನುಷ್ಯರ ಹೆಸರಿಗೆ ಬಂದಾಗ ನಿಧಾನಿಸಿ

ಊರಿನ ಹೆಸರಲ್ಲಿ ಬಾಲ ಒಂದು ಜಾಗದ ಬಗ್ಗೆ ಹೇಳುತ್ತದೆ. ಮನುಷ್ಯರ ಹೆಸರಲ್ಲಿ ಹಾಗೆ ನೇರವಾಗಿ ಹೇಳಲು ಆಗುವುದಿಲ್ಲ. ಕನಿಷ್ಠ ನಾಲ್ಕು ದಾರಿಯಲ್ಲಿ ಈ ಬಾಲ ಬಂದಿರಬಹುದು.

ಮೊದಲನೆಯದು ಹುಟ್ಟೂರು. ಊರಿನ ಹೆಸರಿಗೆ ‘ಎರ್’ ಸೇರಿಸಿದರೆ ಆ ಊರಿನವನು ಎಂದರ್ಥ. ಓಪನ್‌ಹೈಮ್ ಊರಿನವರು ಓಪನ್‌ಹೈಮರ್. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಹೆನ್ರಿ ಕಿಸಿಂಜರ್ ಅವರ ಹಿರಿಯರು 1817ರಲ್ಲಿ ಬಾಡ್ ಕಿಸ್ಸಿಂಗೆನ್ ಊರಿನ ಹೆಸರನ್ನು ತಮ್ಮ ಅಡ್ಡಹೆಸರು ಮಾಡಿಕೊಂಡರು. ‘ಎರ್’ ಇಲ್ಲದೆಯೂ ಊರಿನ ಹೆಸರು ಅಂಟಿಕೊಳ್ಳುವುದುಂಟು. ಸಂಗೀತಗಾರ ಜಾಕ್ ಓಫೆನ್‌ಬಾಖ್ ಅವರ ತಂದೆ ಓಫೆನ್‌ಬಾಖ್‌ನಿಂದ ಕಲೋನ್‌ಗೆ ಬಂದವರು. ಅಲ್ಲಿನವರು ಅವರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಅದೇ ಮನೆತನದ ಹೆಸರಾಗಿ ನಿಂತಿತು.

ಎರಡನೆಯದು ಮನೆಯ ಹೆಸರು. ಅಚ್ಚುಮೊಳೆಯ ಗುಟೆನ್‌ಬರ್ಗ್ ಅವರ ತಂದೆಯ ಕಡೆಯ ಹೆಸರು ಗೆನ್ಸ್‌ಫ್ಲೈಶ್. ಮೈನ್ಸ್ ಊರಿನಲ್ಲಿ ಅವರ ಕುಟುಂಬದ ಮನೆಗೆ ಗುಟೆನ್‌ಬರ್ಗ್ ಎಂಬ ಹೆಸರಿತ್ತು. ಜಗತ್ತಿಗೆ ಗೊತ್ತಾದದ್ದು ಆ ಮನೆಯ ಹೆಸರು.

ಮೂರನೆಯದು ಕೇಳಲು ಚೆಂದ ಎಂದು ಇಟ್ಟುಕೊಂಡ ಹೆಸರು. 1787ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ ತನ್ನ ಆಳ್ವಿಕೆಯ ಯಹೂದಿಗಳೆಲ್ಲ ಜರ್ಮನ್ ಅಡ್ಡಹೆಸರು ಇಟ್ಟುಕೊಳ್ಳಬೇಕು ಎಂದು ಆಜ್ಞೆ ಮಾಡಿದ. ಪ್ರಷ್ಯಾದಲ್ಲಿ ಇಂಥದೇ ಕಾಯ್ದೆ ಬಂದದ್ದು 1812ರಲ್ಲಿ. ಅಲ್ಲಿಯವರೆಗೆ ಬಹಳಷ್ಟು ಯಹೂದಿಗಳು ತಂದೆಯ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಿದ್ದರು. ಆಜ್ಞೆ ಬಂದಾಗ ಎಷ್ಟೋ ಜನರಿಗೆ ಗುಲಾಬಿ, ಚಿನ್ನ, ಬೆಟ್ಟ, ಕಣಿವೆಗಳನ್ನು ಜೋಡಿಸಿದ ಹೆಸರುಗಳು ಬಂದವು. ರೋಸೆನ್‌ಬರ್ಗ್ ಗುಲಾಬಿ ಬೆಟ್ಟ. ಗೋಲ್ಡ್‌ಬರ್ಗ್ ಚಿನ್ನದ ಬೆಟ್ಟ. ರೋಸೆಂಥಾಲ್ ಗುಲಾಬಿ ಕಣಿವೆ. ಜುಕರ್‌ಬರ್ಗ್ ಪದದ ಅರ್ಥ ಸಕ್ಕರೆ ಬೆಟ್ಟ. ಹಾಗಂತ ಅಂಥ ಹೆಸರಿನವರ ಹಿರಿಯರು ಒಂದು ಬೆಟ್ಟದ ಊರಿನಿಂದ ಬಂದಿರಲೇಬೇಕು ಎಂದೇನೂ ಇಲ್ಲ.

ನಾಲ್ಕನೆಯದು ಸ್ವೀಡನ್ ದಾರಿ. ಅಲ್ಲಿಯೂ ಪ್ರಕೃತಿಯ ಎರಡು ಪದ ಜೋಡಿಸಿ ಹೆಸರು ಕಟ್ಟುವ ಪದ್ಧತಿ ಬೆಳೆಯಿತು. ಅಟ್ಲಾಂಟಿಕ್ ಸಾಗರವನ್ನು 1927ರಲ್ಲಿ ಒಬ್ಬರೇ ವಿಮಾನದಲ್ಲಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಅಜ್ಜನ ಮೊದಲ ಹೆಸರು ಓಲಾ ಮೋನ್ಸನ್. 1859ರಲ್ಲಿ ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಬಂದಾಗ ಹೊಸ ಹೆಸರು ತೊಟ್ಟರು. ಗ್ರೆಟಾ ಥುನ್‌ಬರ್ಗ್ ಹೆಸರೂ ಸ್ವೀಡನ್ನಿನದೇ.

ಥುನ್‌ಬರ್ಗ್ ಎಂಬ ಇನ್ನೊಬ್ಬ ಸ್ವೀಡನ್ ಮನುಷ್ಯನ ಹೆಸರು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ ತೂಗಾಡುತ್ತಿದೆ. ಕಾರ್ಲ್ ಪೀಟರ್ ಥುನ್‌ಬರ್ಗ್ 1743ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ, ಲಿನೇಯಸ್ ಅವರ ಶಿಷ್ಯ. ಅವರ ಗೌರವಕ್ಕೆ ಒಂದು ಬಳ್ಳಿಯ ಕುಲಕ್ಕೆ ಥುನ್‌ಬರ್ಜಿಯಾ ಎಂದು ಹೆಸರಿಟ್ಟರು. ಆ ಕುಲದ ಒಂದು ಬಳ್ಳಿ ಥುನ್‌ಬರ್ಜಿಯಾ ಮೈಸೂರೆನ್ಸಿಸ್. ಚಪ್ಪರಕ್ಕೆ ಹಬ್ಬಿಸಿದರೆ ಉದ್ದುದ್ದ ಗೊಂಚಲು ಕೆಳಗೆ ಇಳಿಬೀಳುತ್ತವೆ. ಹೂವಿನ ಒಳಗೆಲ್ಲ ಹಳದಿ, ಅಂಚಿಗೆ ಕಂದುಗೆಂಪು, ಬಾಯಿ ತೆರೆದ ಹಾಗೆ ಇರುತ್ತದೆ. ಸೂರಕ್ಕಿಗಳು ಜೇನಿಗಾಗಿ ಬಂದು ಅದಕ್ಕೆ ಜೋತುಬೀಳುತ್ತವೆ. ಸ್ವೀಡನ್ನಿನ ಬೆಟ್ಟವೂ ಮೈಸೂರೂ ಒಂದೇ ಹೆಸರಿನಲ್ಲಿ ಕೂಡಿರುವುದು ಅಪರೂಪ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ‘ಬರ್ಗ್’ ಇದ್ದರೆ ಯಹೂದಿ ಎಂದು ಹೇಳುವ ಅಭ್ಯಾಸ ಬಹಳ ಕಡೆ ಕಾಣುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹೈಸೆನ್‌ಬರ್ಗ್ ಯಹೂದಿಯಲ್ಲ, ಗುಟೆನ್‌ಬರ್ಗ್ ಅಲ್ಲ, ಥುನ್‌ಬರ್ಗ್ ಅಲ್ಲ. ಯಹೂದಿ ದ್ವೇಷವನ್ನು ಸಿದ್ಧಾಂತ ಮಾಡಿ ಬರೆದ ನಾಜಿ ನಾಯಕನ ಹೆಸರು ಆಲ್ಫ್ರೆಡ್ ರೋಸೆನ್‌ಬರ್ಗ್. 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅವನಿಗೆ ಗಲ್ಲಾಯಿತು. ಅದೇ ಅಡ್ಡಹೆಸರಿನ ಎಷ್ಟೋ ಯಹೂದಿ ಕುಟುಂಬಗಳನ್ನು ಅವನ ಪಕ್ಷ ಕೊಂದಿತು. ಹೆಸರಿನ ಬಾಲ ನೋಡಿ ಧರ್ಮ, ಜಾತಿ, ಗುಣ ಅಳೆಯುವುದು ಎಷ್ಟು ದೂರ ಹೋಗಬಲ್ಲದು ಎಂದು ಯುರೋಪ್ ನೋಡಿದೆ.

ಇನ್ನೊಂದು ಸಂಗತಿ. ಮನುಷ್ಯರ ಹೆಸರಲ್ಲಿ ಇ, ಯು ವ್ಯತ್ಯಾಸ ಕೂಡ ಗಟ್ಟಿಯಲ್ಲ. ಗಿನ್ಸ್‌ಬರ್ಗ್ ಎಂಬ ಹೆಸರು ಸಾಮಾನ್ಯವಾಗಿ ಬವೇರಿಯಾದ ಗ್ಯುನ್ಸ್‌ಬುರ್ಗ್ ಊರಿಗೆ ಸೇರಿದ್ದು, ಅಂದರೆ ಕೋಟೆ. ಆದರೆ 1962ರಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ ತಮ್ಮ ಹೆಸರನ್ನು ಇ ಹಾಕಿ ಬರೆಯುತ್ತಿದ್ದರು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಹೆಸರಲ್ಲಿ ಯು ಇದೆ. ದೇಶ ದಾಟುವಾಗ, ಲಿಪಿ ಬದಲಾಗುವಾಗ ಅಕ್ಷರಗಳು ಹೀಗೆ ಅದಲುಬದಲಾಗಿವೆ. ಹಾಗಾಗಿ ವ್ಯಕ್ತಿಯ ವಿಷಯದಲ್ಲಿ ಅವರು ಹೇಗೆ ಬರೆದುಕೊಳ್ಳುತ್ತಾರೋ ಹಾಗೆಯೇ ಬರೆಯಿರಿ. ತಿದ್ದಲು ಹೋಗಬೇಡಿ.

ಹೆಜ್ಜೆ 6: ಇಸವಿ ನೋಡಿ

ಹಳೆಯ ಪುಸ್ತಕದಲ್ಲಿ ಸಿಕ್ಕ ಬರ್ಗ್ ಇಂದಿನ ನಕ್ಷೆಯಲ್ಲಿ ಸಿಗದೇ ಹೋಗಬಹುದು. ಈ ಬಾಲ ಜರ್ಮನ್ ವಾಸನೆಯದು ಎಂಬ ಒಂದೇ ಕಾರಣಕ್ಕೆ ಕತ್ತರಿ ಬಿದ್ದ ಹೆಸರುಗಳಿವೆ.

1914ರಲ್ಲಿ ಜರ್ಮನಿಯೊಡನೆ ಯುದ್ಧ ಶುರುವಾದ ಕೂಡಲೇ ರಷ್ಯಾ ತನ್ನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್ ಹೆಸರನ್ನು ಪೆಟ್ರೊಗ್ರಾಡ್ ಎಂದು ಬದಲಿಸಿತು. ಬುರ್ಗ್ ಹೋಗಿ ರಷ್ಯನ್ ಮಾತಿನ ಗ್ರಾಡ್ ಬಂತು. 1924ರಲ್ಲಿ ಲೆನಿನ್‌ಗ್ರಾಡ್ ಆಯಿತು. 1991ರಲ್ಲಿ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್. ಒಂದೇ ಊರು, ಹುಡುಕುವಾಗ ಮೂರೂ ಹೆಸರು ಹಾಕಬೇಕು. ತತ್ವಜ್ಞಾನಿ ಕಾಂಟ್ ಬದುಕಿದ್ದ ಕ್ಯೋನಿಗ್ಸ್‌ಬರ್ಗ್, ಅಂದರೆ ರಾಜನ ಬೆಟ್ಟ, 1946ರಿಂದ ಕಲಿನಿನ್‌ಗ್ರಾಡ್, ಈಗ ರಷ್ಯಾದಲ್ಲಿದೆ. ಲೆಂಬರ್ಗ್ ಇಂದಿನ ಉಕ್ರೇನಿನ ಲ್ವಿವ್. ಪ್ರೆಸ್‌ಬರ್ಗ್ ಇಂದಿನ ಬ್ರಾಟಿಸ್ಲಾವಾ.

ಭಾರತದ ಇತಿಹಾಸಕ್ಕೆ ಹತ್ತಿರದ ಉದಾಹರಣೆ ಮೌಂಟ್‌ಬ್ಯಾಟನ್. ಜರ್ಮನಿಯ ಹೆಸೆ ಸೀಮೆಯಲ್ಲಿ ಬ್ಯಾಟೆನ್‌ಬರ್ಗ್ ಎಂಬ ಸಣ್ಣ ಊರಿದೆ. ಅದರ ಹೆಸರು ಹೊತ್ತ ರಾಜಮನೆತನದ ಲೂಯಿ ಬ್ರಿಟನ್ನಿನ ನೌಕಾಪಡೆಯ ಮುಖ್ಯಸ್ಥರಾಗಿದ್ದರು. ಯುದ್ಧ ಶುರುವಾದ ಮೇಲೆ ಜರ್ಮನ್ ಮೂಲದವರೆಂದು ಜನ ಸಿಟ್ಟಾದರು. 1914ರಲ್ಲೇ ಹುದ್ದೆ ಬಿಡಬೇಕಾಯಿತು. 1917ರಲ್ಲಿ ಅವರು ಮನೆತನದ ಹೆಸರನ್ನೇ ಇಂಗ್ಲಿಷ್ ಮಾಡಿಕೊಂಡರು. ಕೊನೆಗಿದ್ದ ಬೆರ್ಗ್ ಇಂಗ್ಲಿಷಿನ ಮೌಂಟ್ ಆಗಿ ಮುಂದಕ್ಕೆ ಬಂತು. ಬ್ಯಾಟೆನ್ ಹಿಂದಕ್ಕೆ ಹೋಯಿತು. ಅವರ ಮಗನೇ 1947ರಲ್ಲಿ ದೆಹಲಿಯಲ್ಲಿದ್ದ ಕೊನೆಯ ವೈಸರಾಯ್. ನಮ್ಮ ಪಠ್ಯಪುಸ್ತಕದ ಮೌಂಟ್‌ಬ್ಯಾಟನ್ ಹೆಸರಿನೊಳಗೂ ಒಂದು ಬೆರ್ಗ್ ಅಡಗಿದೆ.

ಹೆಜ್ಜೆ 7: ಬೇರೆ ಬಾಲಗಳನ್ನೂ ಗುರುತಿಸಿಕೊಳ್ಳಿ

ಇದೇ ಕ್ರಮ ಬೇರೆ ಬಾಲಗಳಿಗೂ ನಡೆಯುತ್ತದೆ. ಡೋರ್ಫ್ ಹಳ್ಳಿ, ಸ್ಟಾಟ್ ಪಟ್ಟಣ, ಬಾಖ್ ತೊರೆ, ಫುರ್ಟ್ ಹೊಳೆ ದಾಟುವ ಜಾಗ, ಬ್ರ್ಯುಕ್ ಸೇತುವೆ, ಹೈಮ್ ಮನೆ ಅಥವಾ ನೆಲೆ, ಟಾಲ್ ಕಣಿವೆ. ಟಾಲ್‌ಗೆ ಹಳೆಯ ಕಾಗುಣಿತದಲ್ಲಿ ಒಂದು ಎಚ್ ಜಾಸ್ತಿ. ಇಂದಿನ ಚೆಕ್ ದೇಶದಲ್ಲಿರುವ ಯೋಆಖಿಮ್ಸ್‌ಟಾಲ್ ಕಣಿವೆಯ ಬೆಳ್ಳಿ ನಾಣ್ಯಕ್ಕೆ ಟಾಲರ್ ಎಂಬ ಹೆಸರು ಬಂತು. ಅದೇ ಮುಂದೆ ಡಾಲರ್.

ಬೆಂಗಳೂರಿನ ಐಟಿಯವರು ಜಾಸ್ತಿ ಹೋಗುವ ಸೀಮೆಯಲ್ಲಿ ಬಾಲ ‘ಇಂಗೆನ್’. ಸ್ಟುಟ್‌ಗಾರ್ಟ್ ಸುತ್ತ ಎಲ್ಲಿ ನೋಡಿದರೂ ಅದೇ: ರೆನಿಂಗೆನ್, ಗೆರ್ಲಿಂಗೆನ್, ಸಿಂಡೆಲ್‌ಫಿಂಗೆನ್, ಎಸ್ಲಿಂಗೆನ್, ರಾಯ್ಟ್‌ಲಿಂಗೆನ್, ಟ್ಯುಬಿಂಗೆನ್. ಒಬ್ಬ ಹಿರಿಯನ ಹೆಸರು ಮುಂದೆ, ಅವನ ಕಡೆಯವರು ನೆಲೆನಿಂತ ಜಾಗ ಎಂಬ ಅರ್ಥ ಹಿಂದೆ. ಕನ್ನಡಿಗರಿಗೆ ಈ ಸೀಮೆ ಹೊಸದಲ್ಲ. ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಟ್ಯುಬಿಂಗೆನ್‌ನಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. ಅವರು 1811ರಲ್ಲಿ ಹುಟ್ಟಿದ್ದು ಬ್ರಾಕೆನ್‌ಹೈಮ್‌ನಲ್ಲಿ. ಆ ಕಡೆ ಕೆಲಸಕ್ಕೆ ಹೋದವರು ಒಂದು ಶನಿವಾರ ಬಿಡುವು ಮಾಡಿಕೊಂಡು ಈ ಊರುಗಳನ್ನು ನೋಡಿ ಬರಬೇಕು ಎಂಬುದು ನನ್ನ ಆಸೆ.

ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿಯ ಕೇಂದ್ರ ಕಚೇರಿ ಇರುವ ವಾಲ್ಡೋರ್ಫ್ ಒಂದು ಡೋರ್ಫ್. ಅಮೆರಿಕಕ್ಕೆ ಹೋಗಿ ಸಿರಿವಂತರಾದ ಜಾನ್ ಜೇಕಬ್ ಆಸ್ಟರ್ ಈ ಹಳ್ಳಿಯವರು. ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್ ಹೆಸರಿನಲ್ಲಿ ಊರೂ ಇದೆ, ಮನೆತನವೂ ಇದೆ. ಇಲ್ಲಿಗೆ ಹೋಗುವವರು ಇಳಿಯುವ ಸ್ಟೇಷನ್ ವೀಸ್‌ಲೋಖ್-ವಾಲ್ಡೋರ್ಫ್. 1888ರಲ್ಲಿ ಬರ್ಥಾ ಬೆನ್ಸ್ ಗಂಡನ ಮೋಟಾರು ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಾಗ, ದಾರಿಯಲ್ಲಿ ಇಂಧನ ಕೊಂಡದ್ದು ಇದೇ ವೀಸ್‌ಲೋಖ್‌ನ ಔಷಧಿ ಅಂಗಡಿಯಲ್ಲಿ.

ಹೆಜ್ಜೆ 8: ಹೇಳುವುದು ಮತ್ತು ಬರೆಯುವುದು

ಜರ್ಮನ್ ಮಾತಿನಲ್ಲಿ ಪದದ ಕೊನೆಯ ಗ್ ಕ್ ಆಗಿ ಕೇಳಿಸುತ್ತದೆ. ಹಾಂಬುರ್ಕ್, ಹೈಡಲ್‌ಬೆರ್ಕ್. ನಡುವಿನ ರ್ ತೇಲಿಹೋಗುತ್ತದೆ, ನಾಲಗೆ ಹೊರಳಿಸಿ ಒತ್ತಬೇಡಿ. ‘ಎರ್’ ಸೇರಿದಾಗ ಗ್ ವಾಪಸ್ ಬರುತ್ತದೆ: ಹಾಂಬುರ್ಗರ್. ಎರಡು ಚುಕ್ಕಿಯ ಯು ಹೇಳಲು ನಾಲಗೆಯನ್ನು ‘ಈ’ ಎನ್ನುವ ಹಾಗೆ ಇಟ್ಟು, ತುಟಿಯನ್ನು ‘ಊ’ ಎನ್ನುವ ಹಾಗೆ ಗುಂಡಗೆ ಮಾಡಿ. ಕನ್ನಡಿ ಮುಂದೆ ಒಂದೆರಡು ಸಲ ಮಾಡಿದರೆ ಬಂದುಬಿಡುತ್ತದೆ. ಸ್ವೀಡನ್ನಿನಲ್ಲಿ ಕೊನೆಯ ಗ್ ಯ್‌ಗೆ ತಿರುಗುತ್ತದೆ, ಥುನ್‌ಬರ್ಗ್ ಅಲ್ಲಿ ‘ತುನ್‌ಬೆರ್ಯ್’ ಎಂಬಂತೆ ಕೇಳಿಸುತ್ತದೆ. ಸ್ಕಾಟ್ಲೆಂಡಿನ ರಾಜಧಾನಿಗೆ ಗ್ ಇಲ್ಲವೇ ಇಲ್ಲ, ಅದು ಎಡಿನ್‌ಬರ. ಆದರೆ ಪಿಟ್ಸ್‌ಬರ್ಗ್‌ನಲ್ಲಿ ಗ್ ಇದೆ, ಅದೇ ಎಚ್ ಇದ್ದರೂ.

ಕನ್ನಡದಲ್ಲಿ ಬರೆಯುವಾಗ? ಹ್ಯಾಂಬರ್ಗ್, ಜೋಹಾನ್ಸ್‌ಬರ್ಗ್, ಗುಟೆನ್‌ಬರ್ಗ್ ಎಂದು ಜನರಿಗೆ ರೂಢಿಯಾದದ್ದನ್ನು ಸುಮ್ನೆ ಕೆಡಿಸುವುದು ಬೇಡ. ರೂಢಿಯಾಗದ ಊರುಗಳಿಗೆ ಮೊದಲಿನಿಂದಲೇ ಬೆರ್ಗ್, ಬುರ್ಗ್ ಎಂದು ಬೇರೆ ಬೇರೆಯಾಗಿ ಬರೆಯೋಣ. ಕನ್ನಡ ಲಿಪಿಗೆ ಆ ಶಕ್ತಿ ಇದೆ. ಇಂಗ್ಲಿಷ್ ಬಾಯಿ ಕಳೆದುಕೊಂಡ ವ್ಯತ್ಯಾಸವನ್ನು ನಮ್ಮ ಲಿಪಿ ಉಳಿಸಿಕೊಳ್ಳಬಲ್ಲದು. ಫ್ರೈಬೆರ್ಗ್, ಫ್ರೈಬುರ್ಗ್ ಥರದ ಜೋಡಿ ಬಂದರೆ ಸೀಮೆಯ ಹೆಸರನ್ನೂ ಜೊತೆಗೆ ಹಾಕಿ: ಸ್ಯಾಕ್ಸನಿಯ ಫ್ರೈಬೆರ್ಗ್, ಬ್ರೈಸ್‌ಗೌ ಫ್ರೈಬುರ್ಗ್. ವೀಸಾ ಅರ್ಜಿ, ವಿಮೆ, ಬ್ಯಾಂಕ್ ಕಾಗದಗಳಿಗೆ ಮಾತ್ರ ಕನ್ನಡದಿಂದ ತಿರುಗಿ ಇಂಗ್ಲಿಷಿಗೆ ಬರೆಯಬೇಡಿ. ಅಡ್ಮಿಷನ್ ಪತ್ರದಲ್ಲಿ ಇರುವ ಅಕ್ಷರಗಳನ್ನು ಚುಕ್ಕಿ ಸಮೇತ ಹಾಗೇ ಇಳಿಸಿ.